ಪ್ಲೇಟ್‌ಲೆಟ್ 3.8 ಲಕ್ಷ ಇದ್ದರೂ ಮಗುವಿಗೆ ರಕ್ತ ನಿಲ್ಲದಿರುವುದು ಏಕೆ?

ಪ್ರಶ್ನೆ: ನಮ್ಮ 4 ವರ್ಷದ ಮಗಳ ಎಡ ಮೂತ್ರಪಿಂಡದಲ್ಲಿ ದೊಡ್ಡ ಗೆಡ್ಡೆ ಇದೆ, ವಿಲ್ಮ್ಸ್ ಗೆಡ್ಡೆ (ಮಕ್ಕಳ ಮೂತ್ರಪಿಂಡದ ಕ್ಯಾನ್ಸರ್) ಎಂದು ಹೇಳಿದ್ದಾರೆ. ಎರಡು ತಿಂಗಳಿಂದ ಆಗಾಗ ಮೂಗಿನಿಂದ ರಕ್ತ ಸುರಿಯುತ್ತದೆ, ಹಲ್ಲುಜ್ಜಿದರೆ ವಸಡಿನಿಂದಲೂ ಬರುತ್ತದೆ. ಪ್ಲೇಟ್‌ಲೆಟ್ 3.8 ಲಕ್ಷ ಇದೆ. ಆದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಎಪಿಟಿಟಿ ಎಂಬ ಪರೀಕ್ಷೆಯಲ್ಲಿ 52 ಸೆಕೆಂಡ್ ಬಂದಿದೆ, 30 ಇರಬೇಕಿತ್ತಂತೆ. ರಕ್ತವನ್ನು ಕುತ್ತಿಗೆಯ ರಕ್ತನಾಳಕ್ಕೆ ಹಾಕಿರುವ ಲೈನ್‌ನಿಂದ ತೆಗೆದಿದ್ದರು. ವಾನ್ ವಿಲ್ಲೆಬ್ರಾಂಡ್ ಪರೀಕ್ಷೆ ಆಗಲಿ ಎಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದ್ದಾರೆ. ನಮ್ಮಿಬ್ಬರ ಕಡೆಯಲ್ಲೂ ಯಾರಿಗೂ ಇಂಥ ಕಾಯಿಲೆ ಇಲ್ಲ. ಪಕ್ಕದ ಹಾಸಿಗೆಯ ಲುಕೇಮಿಯಾ ಮಗುವಿಗೆ ಎರಡು ದಿನಕ್ಕೊಮ್ಮೆ ಪ್ಲೇಟ್‌ಲೆಟ್ ಹಾಕುತ್ತಾರೆ. ನಮ್ಮ ಮಗಳಿಗೂ ಹಾಗೆಯೇ ಹಾಕಿಸಿ ಶಸ್ತ್ರಚಿಕಿತ್ಸೆ ಮಾಡಬಾರದೇ? ಕೀಮೋ ಶುರುವಾದರೆ ರಕ್ತಸ್ರಾವ ಇನ್ನೂ ಹೆಚ್ಚಾಗುತ್ತದೆಯೇ?

ಉತ್ತರ: ಪ್ಲೇಟ್‌ಲೆಟ್ ಹಾಕಿಸುವುದರಿಂದ ನಿಮ್ಮ ಮಗಳಿಗೆ ಉಪಯೋಗವಾಗುವ ಸಾಧ್ಯತೆ ತೀರಾ ಕಡಿಮೆ. ಮುಂದೂಡಿದ್ದು ಸರಿಯಾದ ತೀರ್ಮಾನ. ಅವಳಲ್ಲಿ ಇಟ್ಟಿಗೆ ಬೇಕಾದಷ್ಟಿದೆ, ಗಾರೆ ಸಾಲದಾಗಿರಬೇಕು. ಇನ್ನಷ್ಟು ಇಟ್ಟಿಗೆ ತಂದು ಸುರಿದರೆ ಗೋಡೆ ಏಳುವುದಿಲ್ಲ.

ರಕ್ತನಾಳ ಹರಿದಾಗ ಮೊದಲು ಕೆಲಸಕ್ಕಿಳಿಯುವುದು ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ಉದ್ದನೆಯ, ಎಳೆಎಳೆಯಾದ ಪ್ರೋಟೀನು. ಇದು ಹರಿದ ಜಾಗಕ್ಕೆ ಹತ್ತಿಕೊಂಡು, ರಕ್ತದೊಡನೆ ಸಾಗಿಹೋಗುತ್ತಿರುವ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ಯಕೃತ್ತಿನಲ್ಲಿ ತಯಾರಾದ ಹೆಪ್ಪುಗಟ್ಟಿಸುವ ಅಂಶಗಳು (ಇವನ್ನು ಸಂಖ್ಯೆಯಿಂದ ಕರೆಯುತ್ತಾರೆ) ಒಂದರ ಹಿಂದೊಂದು ಎಚ್ಚೆತ್ತು, ಫೈಬ್ರಿನೋಜನ್ ಎಂಬ ಪ್ರೋಟೀನಿನಿಂದ ಬಲೆ ನೇಯ್ದು ರಕ್ತದ ಹೆಪ್ಪನ್ನು ಗಟ್ಟಿ ಮಾಡುತ್ತವೆ. ವಾನ್ ವಿಲ್ಲೆಬ್ರಾಂಡ್ ಅಂಶಕ್ಕೆ ಇನ್ನೊಂದು ಕೆಲಸವೂ ಇದೆ: ಎಂಟನೇ ಅಂಶವನ್ನು ಹೊತ್ತು ಕಾಪಾಡುವುದು. ಅದರ ಆಸರೆ ಇದ್ದರೆ ಎಂಟನೇ ಅಂಶದ ಅರ್ಧಾಯುಷ್ಯ (ಮಟ್ಟ ಅರ್ಧಕ್ಕಿಳಿಯಲು ಹಿಡಿಯುವ ಹೊತ್ತು) ಸುಮಾರು 12 ಗಂಟೆ, ಇಲ್ಲದಿದ್ದರೆ ಒಂದೆರಡು ಗಂಟೆ. ಹಾಗಾಗಿ ವಾನ್ ವಿಲ್ಲೆಬ್ರಾಂಡ್ ಅಂಶ ಕಡಿಮೆಯಾದರೆ ಎಂಟನೇ ಅಂಶವೂ ಇಳಿಯುತ್ತದೆ, ಎಪಿಟಿಟಿ ಉದ್ದವಾಗುತ್ತದೆ. ಪ್ಲೇಟ್‌ಲೆಟ್ ಎಣಿಕೆ ಮಾತ್ರ ಕದಲುವುದಿಲ್ಲ. ಮೂಗು, ವಸಡುಗಳಂಥ ತೇವದ ಜಾಗಗಳಿಂದ ರಕ್ತ ಬರುವುದೂ ಇದಕ್ಕೇ ಹೊಂದುತ್ತದೆ.

ಈ ಅಂಶದ ಕೊರತೆ ಬಹುಪಾಲು ಹುಟ್ಟಿನಿಂದಲೇ ಬರುವಂಥದ್ದು. 1926ರಲ್ಲಿ ಫಿನ್‌ಲ್ಯಾಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಮೊದಲು ವಿವರಿಸಿದ್ದು ಆ ವಂಶಪಾರಂಪರ್ಯದ ಬಗೆಯನ್ನೇ. ಆದರೆ ವಿಲ್ಮ್ಸ್ ಗೆಡ್ಡೆ ಇರುವ ಕೆಲವು ಮಕ್ಕಳಲ್ಲಿ, ಎಲ್ಲರಲ್ಲೂ ಅಲ್ಲ, ಇದೇ ಕೊರತೆ ಗೆಡ್ಡೆಯ ಜೊತೆಗೆ ಬಂದು ಗೆಡ್ಡೆಯ ಜೊತೆಗೇ ಹೋಗುತ್ತದೆ. ಗೆಡ್ಡೆ ಸ್ರವಿಸುವ ಹಯಲೂರೋನಿಕ್ ಆಮ್ಲ ರಕ್ತದಲ್ಲಿ ಹೆಚ್ಚಾಗಿ ಈ ಪ್ರೋಟೀನಿಗೆ ಅಡ್ಡಿಯಾಗುತ್ತದೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಇಂಥ ಮಕ್ಕಳಲ್ಲಿ ಬಹುಮಂದಿಗೆ ರಕ್ತಸ್ರಾವವೇ ಇರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚಿನ ಪರೀಕ್ಷೆಯಲ್ಲಿ ಎಪಿಟಿಟಿ ಎಡವಿದಾಗಲೇ ವಿಷಯ ಹೊರಬೀಳುತ್ತದೆ. ಮನೆಯಲ್ಲಿ ಯಾರಿಗೂ ಇಲ್ಲ ಎಂಬ ನಿಮ್ಮ ಮಾತು ಈ ಅನುಮಾನವನ್ನು ಬಲಪಡಿಸುತ್ತದೆಯೇ ಹೊರತು ತಳ್ಳಿಹಾಕುವುದಿಲ್ಲ.

ಮೊದಲು ಅಂಕಿಯನ್ನೇ ಅನುಮಾನಿಸಿ

ನಿಮ್ಮ ಪ್ರಶ್ನೆಯಲ್ಲಿ ನಮ್ಮ ಗಮನ ಸೆಳೆದದ್ದು ಕುತ್ತಿಗೆಯ ಲೈನ್. ಲೈನ್ ಕಟ್ಟಿಕೊಳ್ಳದಿರಲಿ ಎಂದು ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ತುಂಬಿಡುವ ರೂಢಿಯಿದೆ. ಅದರ ಒಂದು ಹನಿ ಮಾದರಿಗೆ ಬೆರೆತರೂ ಎಪಿಟಿಟಿ ಸುಳ್ಳು ಹೇಳುತ್ತದೆ. ಪ್ರಯೋಗಾಲಯದವರು ಇದನ್ನು ಪತ್ತೆ ಹಚ್ಚಬಲ್ಲರು: ಹೆಪಾರಿನ್ ಇದ್ದರೆ ಥ್ರಾಂಬಿನ್ ಟೈಮ್ ಎಂಬ ಪರೀಕ್ಷೆಯಲ್ಲಿ ಸಮಯ ಉದ್ದವಾಗುತ್ತದೆ, ರೆಪ್ಟಿಲೇಸ್ ಟೈಮ್ ಎಂಬ ಪರೀಕ್ಷೆಯಲ್ಲಿ ಸರಿಯಾಗಿಯೇ ಇರುತ್ತದೆ. ಅದಕ್ಕಿಂತ ಸುಲಭದ ದಾರಿ, ಕೈಯ ರಕ್ತನಾಳದಿಂದ ಹೊಸದಾಗಿ ರಕ್ತ ತೆಗೆದು ಮತ್ತೆ ನೋಡುವುದು.

ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ (ರಕ್ತ ಕಟ್ಟದಂತೆ ತಡೆಯುವ ದ್ರವ) ಇರಬೇಕು. ಅಳುವ ಮಗುವಿನಿಂದ ಅರ್ಧ ಟ್ಯೂಬು ರಕ್ತವಷ್ಟೇ ಸಿಕ್ಕಿತು ಎಂದು ಹಾಗೇ ಕಳಿಸಿದರೆ ಸಿಟ್ರೇಟ್ ಪ್ರಮಾಣ ಮೀರಿ ಸಮಯ ಉದ್ದವಾಗಿ ಕಾಣುತ್ತದೆ. ಅಂಥ ಮಾದರಿಯನ್ನು ಪರೀಕ್ಷಿಸುವ ಬದಲು ಎಸೆಯುವುದೇ ಲೇಸು. ವಾನ್ ವಿಲ್ಲೆಬ್ರಾಂಡ್ ಪರೀಕ್ಷೆಗೆ ಇನ್ನೆರಡು ಬಲೆಗಳಿವೆ. ರಕ್ತವನ್ನು ಬೇರ್ಪಡಿಸುವ ಮೊದಲೇ ಐಸ್ ಮೇಲೆ ಅಥವಾ ಫ್ರಿಜ್ಜಿನಲ್ಲಿ ಇಟ್ಟರೆ ಅಂಶದ ಮಟ್ಟ ಕುಸಿದು, ಇಲ್ಲದ ಕಾಯಿಲೆ ಇದೆ ಎಂದಾಗುತ್ತದೆ. ಇದಕ್ಕೆ ವಿರುದ್ಧವಾಗಿ ಜ್ವರ, ಸೋಂಕು, ಗಾಬರಿ, ಚೀರಾಟ ಇವೆಲ್ಲ ಮಟ್ಟವನ್ನು ಏರಿಸುವುದರಿಂದ ಇರುವ ಕೊರತೆ ಮುಚ್ಚಿಹೋಗುತ್ತದೆ. ಒಂದು ಸಲ ಸರಿ ಬಂತೆಂದು ಬಿಟ್ಟುಬಿಡದೆ, ಮಗು ರಕ್ತ ಸುರಿಸುತ್ತಲೇ ಇದ್ದರೆ ಮತ್ತೊಮ್ಮೆ ನೋಡಬೇಕಾದ್ದು ಇದಕ್ಕೇ. ಓ ಗುಂಪಿನ ರಕ್ತದವರಲ್ಲಿ ಮಟ್ಟ ಸಹಜವಾಗಿಯೇ ಕಾಲುಭಾಗದಷ್ಟು ಕಡಿಮೆ ಎಂಬುದೂ ನೆನಪಿನಲ್ಲಿರಲಿ.

ಅಂಶದ ಪ್ರಮಾಣ, ಅದರ ಕೆಲಸ ಮಾಡುವ ಶಕ್ತಿ, ಎಂಟನೇ ಅಂಶ, ಈ ಮೂರನ್ನೂ ಒಟ್ಟಿಗೆ ಅಳೆಯುತ್ತಾರೆ. ಸಾಮಾನ್ಯವಾಗಿ ಡೆಸಿಲೀಟರ್‌ಗೆ 50 ಯೂನಿಟ್‌ಗಿಂತ ಮೇಲಿರಬೇಕು. ಜೊತೆಗೆ ಮಿಶ್ರಣ ಪರೀಕ್ಷೆ: ಮಗುವಿನ ಪ್ಲಾಸ್ಮಾಕ್ಕೆ (ರಕ್ತದ ದ್ರವ ಭಾಗ) ಅಷ್ಟೇ ಪ್ರಮಾಣದ ಆರೋಗ್ಯವಂತರ ಪ್ಲಾಸ್ಮಾ ಸೇರಿಸಿ ಎಪಿಟಿಟಿ ನೋಡುವುದು. ಸರಿಹೋದರೆ ಏನೋ ಕೊರತೆಯಿದೆ ಎಂದು ಅರ್ಥ. ಸರಿಹೋಗದಿದ್ದರೆ ಅಡ್ಡಿಪಡಿಸುವ ಪ್ರತಿಕಾಯವೊಂದು ಇದೆ. ಮಕ್ಕಳಲ್ಲಿ ವೈರಸ್ ಸೋಂಕಿನ ನಂತರ ಲೂಪಸ್ ಆ್ಯಂಟಿಕೊಯಾಗ್ಯುಲಂಟ್ ಎಂಬ ಪ್ರತಿಕಾಯ ಕೆಲವು ವಾರ ಕಾಣಿಸಿಕೊಳ್ಳುವುದುಂಟು. ಹೆಸರು, ಅಂಕಿ ಎರಡೂ ಹೆದರಿಸುತ್ತವೆ, ಆದರೆ ಸಾಮಾನ್ಯವಾಗಿ ರಕ್ತ ಸುರಿಯುವುದಿಲ್ಲ. ಹನ್ನೆರಡನೇ ಅಂಶದ ಕೊರತೆಯೂ ಹಾಗೆಯೇ, ಕಾಗದದ ಮೇಲಷ್ಟೇ ಕಾಯಿಲೆ.

ಕೊರತೆ ನಿಜವಾದರೆ

ಎರಡು ದಾರಿಗಳಿವೆ. ಒಂದು, ಮಗುವಿನ ರಕ್ತನಾಳದ ಗೋಡೆಗಳಲ್ಲೇ ಕೂಡಿಟ್ಟಿರುವ ಅಂಶವನ್ನು ಹೊರಹಾಕಿಸುವುದು. ಡೆಸ್ಮೋಪ್ರೆಸಿನ್ ಎಂಬ ಔಷಧಿ ಈ ಕೆಲಸ ಮಾಡುತ್ತದೆ: ಕೆ.ಜಿ.ಗೆ 0.3 ಮೈಕ್ರೋಗ್ರಾಂ, ಸಲೈನ್‌ನಲ್ಲಿ ಬೆರೆಸಿ ಸುಮಾರು ಅರ್ಧ ಗಂಟೆ ನಿಧಾನವಾಗಿ. ಒಂದು ಗಂಟೆಯೊಳಗೆ ಮಟ್ಟ ಎರಡರಿಂದ ನಾಲ್ಕು ಪಟ್ಟು ಏರಬಹುದು. ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮೊದಲೇ ಒಮ್ಮೆ ಕೊಟ್ಟು ಏರಿಕೆಯನ್ನು ಅಳೆದು ನೋಡುತ್ತಾರೆ. ಸಂಗ್ರಹ ಬರಿದಾಗುವುದರಿಂದ ಮೇಲಿಂದ ಮೇಲೆ ಕೊಟ್ಟರೆ ಪರಿಣಾಮ ಕುಗ್ಗುತ್ತದೆ.

ಕ್ಯಾನ್ಸರ್ ಮಕ್ಕಳಲ್ಲಿ ಇದರ ಅಪಾಯವನ್ನು ಒತ್ತಿ ಹೇಳಬೇಕು. ಡೆಸ್ಮೋಪ್ರೆಸಿನ್ ದೇಹದಲ್ಲಿ ನೀರು ಹಿಡಿದಿಡುತ್ತದೆ. ಅದೇ ಹೊತ್ತಿಗೆ ಡ್ರಿಪ್ ಹರಿಯುತ್ತಿದ್ದರೆ, ಅಥವಾ ಹತ್ತಿರದ ದಿನಗಳಲ್ಲಿ ವಿನ್‌ಕ್ರಿಸ್ಟೀನ್ ಎಂಬ ಕೀಮೋ ಔಷಧಿ ಕೊಟ್ಟಿದ್ದರೆ (ಅದೂ ನೀರು ಹಿಡಿಸಬಲ್ಲದು) ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ಔಷಧಿಯ ನಂತರದ 24 ಗಂಟೆ ಮಗು ಕುಡಿಯುವ ನೀರಿಗೂ ಡ್ರಿಪ್ಪಿಗೂ ಮಿತಿ ಹಾಕಿ, ಸೋಡಿಯಂ ಅಳೆಯುತ್ತಿರಬೇಕು. ಪಾಪ, ಬಾಯಾರಿಕೆ ಎಂದು ಅಜ್ಜಿ ಲೋಟಗಟ್ಟಲೆ ನೀರು ಕುಡಿಸುವುದು ಇಲ್ಲಿ ನಿಜಕ್ಕೂ ಅಪಾಯ.

ಇನ್ನೊಂದು ದಾರಿ, ವಾನ್ ವಿಲ್ಲೆಬ್ರಾಂಡ್ ಅಂಶ ಇರುವ ಸಾಂದ್ರವನ್ನೇ (ಕಾನ್ಸಂಟ್ರೇಟ್) ನೇರವಾಗಿ ಕೊಡುವುದು. ಮೂತ್ರಪಿಂಡ ತೆಗೆಯುವಂಥ ದೊಡ್ಡ ಶಸ್ತ್ರಚಿಕಿತ್ಸೆಗೆ ಇದೇ ಹೆಚ್ಚು ಭರವಸೆಯದು. ಹುಟ್ಟಿನಿಂದ ಬಂದ ಕಾಯಿಲೆಯಲ್ಲಿ ಕೊಟ್ಟ ಅಂಶ ಲೆಕ್ಕಕ್ಕೆ ತಕ್ಕಂತೆ ಉಳಿಯುತ್ತದೆ. ಗೆಡ್ಡೆಯಿಂದ ಬಂದದ್ದರಲ್ಲಿ ಬೇಗ ಖಾಲಿಯಾಗಬಹುದಾದ್ದರಿಂದ ಡೋಸ್ ಕೊಟ್ಟು ಸುಮ್ಮನಾಗದೆ, ಆಮೇಲಿನ ಮಟ್ಟವನ್ನೂ ಅಳೆದು ಮುಂದಿನ ಡೋಸ್ ನಿರ್ಧರಿಸುತ್ತಾರೆ. ಸಾಂದ್ರ ಸಿಗದ ಕಡೆ ಕ್ರಯೋಪ್ರೆಸಿಪಿಟೇಟ್ (ಪ್ಲಾಸ್ಮಾದಿಂದ ಬೇರ್ಪಡಿಸಿದ, ಇಂಥ ಅಂಶಗಳು ಹೆಚ್ಚಿರುವ ಭಾಗ) ನೆರವಿಗೆ ಬರುತ್ತದೆ. ಬರೀ ಪ್ಲಾಸ್ಮಾ ಕೊಟ್ಟು ಮಟ್ಟ ಏರಿಸಲು ಹೊರಟರೆ ಬೇಕಾಗುವ ಪ್ರಮಾಣ ಬಹಳ. ವಿಲ್ಮ್ಸ್ ಗೆಡ್ಡೆಯ ಮಕ್ಕಳಲ್ಲಿ ರಕ್ತದೊತ್ತಡ ಮೊದಲೇ ಹೆಚ್ಚಿರುವುದು ಸಾಮಾನ್ಯ, ಆ ಹೊರೆ ಹೃದಯಕ್ಕೆ ಬೀಳುತ್ತದೆ.

ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಬಗ್ಗೆ ಒಂದು ಎಚ್ಚರಿಕೆ. ಮೂಗು, ವಸಡಿನ ರಕ್ತಕ್ಕೆ ಇದು ಒಳ್ಳೆಯ ಔಷಧಿ. ಆದರೆ ನಿಮ್ಮ ಮಗಳ ಮೂತ್ರದಲ್ಲಿ ರಕ್ತವಿದ್ದರೆ, ಮೂತ್ರಪಿಂಡದೊಳಗಿನ ರಕ್ತ ಗಡ್ಡೆಕಟ್ಟಿ ಮೂತ್ರನಾಳವನ್ನೇ ಮುಚ್ಚಬಹುದು. ಮೂಗಿನ ರಕ್ತಕ್ಕೆ ಯಾರಾದರೂ ಈ ಮಾತ್ರೆ ಬರೆದುಕೊಟ್ಟರೆ ಮೂತ್ರಪಿಂಡದ ಗೆಡ್ಡೆಯ ವಿಷಯ ತಿಳಿಸದೆ ನುಂಗಿಸಬೇಡಿ.

ಕೀಮೋದಿಂದ ಹೆಚ್ಚಾಗುತ್ತದೆಯೇ ಎಂದು ಕೇಳಿದ್ದೀರಿ. ಈ ಕೊರತೆಯ ಮಟ್ಟಿಗೆ ಉಲ್ಟಾ: ಗೆಡ್ಡೆ ಕುಗ್ಗಿದಂತೆ ಅಂಶದ ಮಟ್ಟ ಮೇಲೇರುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೀಮೋ ಕೊಡುವ ಕ್ರಮದಲ್ಲಿ, ಗೆಡ್ಡೆ ಹರಡಿಲ್ಲದಿದ್ದರೆ, 4 ವಾರ ವಾರಕ್ಕೊಮ್ಮೆ ವಿನ್‌ಕ್ರಿಸ್ಟೀನ್, ಎರಡು ವಾರಕ್ಕೊಮ್ಮೆ ಆಕ್ಟಿನೋಮೈಸಿನ್ ಕೊಡುತ್ತಾರೆ. ಎಷ್ಟೋ ಮಕ್ಕಳಲ್ಲಿ ಅಷ್ಟರೊಳಗೆ ಎಪಿಟಿಟಿ ಸರಿಹೋಗಿ ಸಾಂದ್ರದ ಅಗತ್ಯವೇ ಬೀಳುವುದಿಲ್ಲ. ಆದರೆ ಆಕ್ಟಿನೋಮೈಸಿನ್ ತನ್ನದೇ ತೊಂದರೆ ತರಬಹುದು. ಅಪರೂಪಕ್ಕೆ ಯಕೃತ್ತಿನ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಬಲ ಪಕ್ಕೆಯ ಕೆಳಗೆ ನೋವು, ಊತ, ಒಂದೆರಡು ದಿನದಲ್ಲಿ ತೂಕ ಏರಿಕೆ, ಕಾಮಾಲೆ ಶುರುವಾಗುತ್ತವೆ. ಆಗ ಪ್ಲೇಟ್‌ಲೆಟ್ ಬೀಳುತ್ತದೆ, ಹಾಕಿದರೂ ಏರುವುದಿಲ್ಲ. ಕೀಮೋ ದಿನಗಳಲ್ಲಿ ಬೆಳಗ್ಗೆ ತೂಕ ಬರೆದಿಡುವುದು ಕಡೆಗಣಿಸುವಂಥ ಕೆಲಸವಲ್ಲ.

ಪಕ್ಕದ ಹಾಸಿಗೆಯ ಮಗು

ಆ ಮಗುವಿನ ಲೆಕ್ಕವೇ ಬೇರೆ. ಲುಕೇಮಿಯಾದಲ್ಲಿ ಅಸ್ಥಿಮಜ್ಜೆಯನ್ನು ಕ್ಯಾನ್ಸರ್ ಕಣಗಳು ಆಕ್ರಮಿಸಿ ಪ್ಲೇಟ್‌ಲೆಟ್ ತಯಾರಾಗಲು ಜಾಗವೇ ಉಳಿದಿರುವುದಿಲ್ಲ. ಮೇಲೆ ಕೀಮೋ ಉಳಿದದ್ದನ್ನೂ ತಡೆಯುತ್ತದೆ. ಅಲ್ಲಿ ಇಟ್ಟಿಗೆಯೇ ಇಲ್ಲ, ಹಾಗಾಗಿ ತಂದು ಹಾಕುತ್ತಾರೆ.

ಜ್ವರವಿಲ್ಲದೆ, ರಕ್ತಸ್ರಾವವಿಲ್ಲದೆ ಇರುವ ಮಗುವಿಗೆ ಎಣಿಕೆ 10,000ಕ್ಕಿಂತ ಇಳಿದಾಗ ಹಾಕುವುದು ಬಹುತೇಕ ಎಲ್ಲ ಕಡೆಯ ಪದ್ಧತಿ. ಜ್ವರ, ಸೋಂಕು ಇದ್ದರೆ 20,000. ದೊಡ್ಡ ಶಸ್ತ್ರಚಿಕಿತ್ಸೆಗೆ 50,000. ಮಿದುಳಿನ ಶಸ್ತ್ರಚಿಕಿತ್ಸೆಗೆ 1 ಲಕ್ಷ. ಬೆನ್ನುಹುರಿಯ ನೀರು ತೆಗೆಯುವಾಗ, ಅದರಲ್ಲೂ ರಕ್ತದಲ್ಲಿ ಲುಕೇಮಿಯಾ ಕಣಗಳು ಇನ್ನೂ ಓಡಾಡುತ್ತಿರುವ ಮೊದಲ ಸಲ, 50,000 ಇರಲಿ ಎನ್ನುವವರೇ ಹೆಚ್ಚು: ಸೂಜಿಯಲ್ಲಿ ರಕ್ತ ಬೆರೆತರೆ ಆ ಕಣಗಳು ಮಿದುಳಿನ ನೀರಿಗೆ ಸೇರುವ ಭಯ. ಡೋಸ್ ಕೆ.ಜಿ.ಗೆ ಸುಮಾರು 10 ಮಿ.ಲೀ., ಅಂದರೆ 15 ಕೆ.ಜಿ. ಮಗುವಿಗೆ 150 ಮಿ.ಲೀ. ಹೆಚ್ಚು ಹಾಕಿದರೆ ಹೆಚ್ಚು ರಕ್ಷಣೆ ಎಂಬ ನಂಬಿಕೆ ನಿಲ್ಲುವುದಿಲ್ಲ. 2010ರಲ್ಲಿ ಪ್ರಕಟವಾದ ಪ್ಲಾಡೊ ಅಧ್ಯಯನದಲ್ಲಿ ಡೋಸ್ ಅರ್ಧ ಮಾಡಿದರೂ, ಇಮ್ಮಡಿ ಮಾಡಿದರೂ ರಕ್ತಸ್ರಾವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ಅಧ್ಯಯನದ ಇನ್ನೊಂದು ಅಂಶ ಕಡಿಮೆ ಜನರಿಗೆ ಗೊತ್ತು: ಒಂದೇ ಎಣಿಕೆಯಿದ್ದರೂ ದೊಡ್ಡವರಿಗಿಂತ ಮಕ್ಕಳಲ್ಲಿ ರಕ್ತಸ್ರಾವ ಹೆಚ್ಚಾಗಿತ್ತು.

ಪ್ಲೇಟ್‌ಲೆಟ್ ಹಾಕಿಯೂ ಏರದಿದ್ದರೆ, ಹಾಕಿ ಮುಗಿದ 10 ನಿಮಿಷದಿಂದ 1 ಗಂಟೆಯೊಳಗೆ ಒಮ್ಮೆ, ಮರುದಿನ ಇನ್ನೊಮ್ಮೆ ಎಣಿಸಬೇಕು. ಗಂಟೆಯೊಳಗಿನ ಎಣಿಕೆಯೇ ಏರಿರದಿದ್ದರೆ ದಾನಿಯ ಪ್ಲೇಟ್‌ಲೆಟ್ ವಿರುದ್ಧ ಪ್ರತಿಕಾಯ ಬೆಳೆದಿರಬಹುದು, ಹೊಂದಾಣಿಕೆ ನೋಡಿದ ದಾನಿ ಬೇಕು. ಆಗ ಏರಿ ಮರುದಿನಕ್ಕೆ ಬಿದ್ದಿದ್ದರೆ ಜ್ವರ, ಸೋಂಕು, ಊದಿದ ಗುಲ್ಮ ತಿಂದುಹಾಕುತ್ತಿವೆ. ಈ ಮಕ್ಕಳಿಗೆ ಕೊಡುವ ರಕ್ತದ ಉತ್ಪನ್ನಗಳಿಗೆ ಬಿಳಿಕಣ ಸೋಸಿ, 25 ಗ್ರೇ (ವಿಕಿರಣದ ಅಳತೆ) ವಿಕಿರಣ ಹಾಯಿಸಿರಬೇಕು. 'ನಮ್ಮ ರಕ್ತವೇ ಕೊಡುತ್ತೇವೆ' ಎಂದು ತಂದೆ, ತಾಯಿ, ಒಡಹುಟ್ಟಿದವರು ಮುಂದೆ ಬರುವುದು ಪ್ರೀತಿಯ ಮಾತೇ. ಆದರೆ ಹತ್ತಿರದ ಸಂಬಂಧಿಯ ಬಿಳಿಕಣಗಳು ಮಗುವಿನ ದೇಹದಲ್ಲಿ ನೆಲೆಯೂರಿ ಅದರ ಮೇಲೇ ದಾಳಿ ಮಾಡುವ ಮಾರಣಾಂತಿಕ ಅಪಾಯ ಹೆಚ್ಚು. ಮುಂದೆ ಅಸ್ಥಿಮಜ್ಜೆ ಕಸಿ ಬೇಕಾದರೆ ಅದಕ್ಕೂ ತೊಡಕಾಗಬಹುದು. ಅಪರಿಚಿತ ದಾನಿಯೇ ಮೇಲು.

ಲುಕೇಮಿಯಾದಲ್ಲೂ ಎಣಿಕೆ ಪೂರ್ತಿ ಕಥೆ ಹೇಳುವುದಿಲ್ಲ. ಬಿಳಿಕಣ 1 ಲಕ್ಷ ದಾಟಿದ ಮಕ್ಕಳಲ್ಲಿ ಒಡೆದ ಕಣಗಳ ಚೂರುಗಳನ್ನು ಯಂತ್ರ ಪ್ಲೇಟ್‌ಲೆಟ್ ಎಂದೇ ಎಣಿಸಿ ಇಲ್ಲದ ಧೈರ್ಯ ಕೊಡುವುದುಂಟು. ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಅಂಥ ಮಗುವಿಗೆ ಹಿಮೋಗ್ಲೋಬಿನ್ ಕಡಿಮೆಯೆಂದು ಅವಸರದಲ್ಲಿ ಕೆಂಪು ರಕ್ತ ಹಾಕಿದರೆ ರಕ್ತ ಇನ್ನೂ ದಪ್ಪವಾಗಿ ಮಿದುಳಿನ ನಾಳಗಳಿಗೆ ಕುತ್ತು.

ಎಲ್ಲಕ್ಕಿಂತ ತುರ್ತಿನದು ಪ್ರೊಮೈಲೋಸೈಟಿಕ್ ಲುಕೇಮಿಯಾ. 15 ಮತ್ತು 17ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಹುಟ್ಟುವ ಕಾಯಿಲೆ ಇದು. 1957ರಲ್ಲಿ ನಾರ್ವೆಯ ಹಿಲ್ಲೆಸ್ಟಾಡ್ ಇದನ್ನು ಮೊದಲು ವಿವರಿಸಿದಾಗ ಗುರುತಿಸಿದ್ದು ಕೆಲವೇ ವಾರಗಳಲ್ಲಿ ಪ್ರಾಣ ತೆಗೆಯುವ ರಕ್ತಸ್ರಾವವನ್ನು. ಇದರ ಕಣಗಳು ಒಂದೆಡೆ ಮೈಯೆಲ್ಲ ಹೆಪ್ಪುಗಟ್ಟಿಸಿ ಫೈಬ್ರಿನೋಜನ್ ಸುಡುತ್ತವೆ, ಇನ್ನೊಂದೆಡೆ ಕಟ್ಟಿದ ಹೆಪ್ಪನ್ನೂ ಕರಗಿಸುತ್ತವೆ. ಇಲ್ಲಿ ಪ್ಲೇಟ್‌ಲೆಟ್ ಮಾತ್ರ ಹಾಕಿದರೆ ಸಾಲದು. ಎಣಿಕೆಯನ್ನು 30,000ದಿಂದ 50,000ದ ಮೇಲೆ, ಫೈಬ್ರಿನೋಜನ್ನನ್ನು ಡೆಸಿಲೀಟರ್‌ಗೆ 100ರಿಂದ 150 ಮಿ.ಗ್ರಾಂ ಮೇಲೆ ಕ್ರಯೋಪ್ರೆಸಿಪಿಟೇಟ್ ಕೊಟ್ಟು ನಿಲ್ಲಿಸಬೇಕು. ರಕ್ತಸ್ರಾವದ ಬೇರನ್ನೇ ಕತ್ತರಿಸುವ ಔಷಧಿ ಆಟ್ರಾ (ಎ ವಿಟಮಿನ್‌ನ ಒಂದು ರೂಪ). ವರ್ಣತಂತುವಿನ ವರದಿಗೆ ಕಾಯದೆ, ಅನುಮಾನ ಬಂದ ದಿನವೇ ಶುರು ಮಾಡಬೇಕು. ಈಗ ಹೆಚ್ಚಿನ ಮಕ್ಕಳು ಗುಣವಾಗುವ ಈ ಕಾಯಿಲೆಯಲ್ಲಿ ಆರಂಭದ ಸಾವುಗಳಿಗೆ ಮಿದುಳಿನ ರಕ್ತಸ್ರಾವವೇ ಮೊದಲ ಕಾರಣ.

ಅಸ್ಪರಾಜಿನೇಸ್ ಇಂಜೆಕ್ಷನ್ ಇದಕ್ಕೆ ತದ್ವಿರುದ್ಧ ಪಾಠ. ಲಿಂಫೋಬ್ಲಾಸ್ಟಿಕ್ ಲುಕೇಮಿಯಾಗೆ ಕೊಡುವ ಈ ಔಷಧಿ ಯಕೃತ್ತಿನ ಪ್ರೋಟೀನು ತಯಾರಿಕೆಯನ್ನು ತಗ್ಗಿಸುತ್ತದೆ, ಫೈಬ್ರಿನೋಜನ್ 100ಕ್ಕಿಂತ ಇಳಿದು ವರದಿ ತುಂಬ ಕೆಂಪು ಗುರುತುಗಳು ಬೀಳುತ್ತವೆ. ಆದರೆ ರಕ್ತ ಹೆಪ್ಪುಗಟ್ಟದಂತೆ ಕಾಯುವ ಆ್ಯಂಟಿಥ್ರಾಂಬಿನ್ ಕೂಡ ಇಳಿದಿರುವುದರಿಂದ ಈ ಮಕ್ಕಳಲ್ಲಿ ರಕ್ತ ಸುರಿಯುವುದಕ್ಕಿಂತ ಗಡ್ಡೆ ಕಟ್ಟುವುದೇ ಹೆಚ್ಚು, ಮಿದುಳಿನ ಸಿರೆಗಳಲ್ಲೂ ಕಟ್ಟುತ್ತದೆ. ಅಂಕಿ ನೋಡಿ ಪ್ಲಾಸ್ಮಾ ಸುರಿಯುವುದು ತಪ್ಪು. ಪ್ಲಾಸ್ಮಾದಲ್ಲಿರುವ ಅಸ್ಪರಾಜಿನ್ ಆ ಔಷಧಿ ಬರಿದು ಮಾಡಿದ್ದನ್ನೇ ಮತ್ತೆ ತುಂಬುತ್ತದೆ.

ಉಳಿದವು ಚಿಕ್ಕದಾಗಿ. ದಿನಗಟ್ಟಲೆ ಊಟ ಸೇರದೆ ಆ್ಯಂಟಿಬಯಾಟಿಕ್ ಮೇಲಿರುವ ಮಗುವಿನಲ್ಲಿ ಪಿಟಿ (ಹೆಪ್ಪುಗಟ್ಟುವ ಸಮಯದ ಇನ್ನೊಂದು ಪರೀಕ್ಷೆ) ಉದ್ದವಾದರೆ ವಿಟಮಿನ್ ಕೆ ಕೊರತೆಯನ್ನು ಮೊದಲು ನೆನೆಯಬೇಕು, ಇಷ್ಟು ಅಗ್ಗದಲ್ಲಿ ಸರಿಹೋಗುವ ತೊಂದರೆ ಇನ್ನೊಂದಿಲ್ಲ. ನ್ಯೂರೋಬ್ಲಾಸ್ಟೋಮಾ (ಎಳೆಯ ಮಕ್ಕಳಲ್ಲಿ ಕಾಣುವ ನರಕಣಗಳ ಕ್ಯಾನ್ಸರ್) ಕಣ್ಣಿನ ಗೂಡಿಗೆ ಹರಡಿದಾಗ ಎರಡೂ ಕಣ್ಣಿನ ಸುತ್ತ ಪೆಟ್ಟು ಬಿದ್ದಂತೆ ಕಪ್ಪಾಗುತ್ತದೆ, ಅದು ಹೆಪ್ಪುಗಟ್ಟುವಿಕೆಯ ದೋಷವಲ್ಲ, ಯಾರೂ ಹೊಡೆದದ್ದೂ ಅಲ್ಲ. ಶಿಶುಗಳ ಕೆಲವು ರಕ್ತನಾಳದ ಗೆಡ್ಡೆಗಳು ಪ್ಲೇಟ್‌ಲೆಟ್‌ಗಳನ್ನು ತಮ್ಮೊಳಗೇ ಸೆರೆಹಿಡಿಯುತ್ತವೆ. 1940ರಲ್ಲಿ ಕಸಾಬಾಕ್ ಮತ್ತು ಮೆರಿಟ್ ವಿವರಿಸಿದ ಈ ಸ್ಥಿತಿಯಲ್ಲಿ ಪ್ಲೇಟ್‌ಲೆಟ್ ಹಾಕಿದಷ್ಟೂ ಗೆಡ್ಡೆ ಊದುತ್ತದೆ, ರಕ್ತ ಸುರಿಯುತ್ತಿಲ್ಲದಿದ್ದರೆ ಹಾಕುವುದಿಲ್ಲ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಪ್ಲೇಟ್‌ಲೆಟ್ ಎಣಿಕೆಯನ್ನೂ ವಾನ್ ವಿಲ್ಲೆಬ್ರಾಂಡ್ ಅಂಶವನ್ನೂ ಇಳಿಸಬಲ್ಲದು.

ಶಸ್ತ್ರಚಿಕಿತ್ಸೆಯವರೆಗೆ ಮನೆಯಲ್ಲಿ

ಹೊಟ್ಟೆನೋವಿಗೆ ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್ ಯಾವುದೂ ಬೇಡ, ಇವು ಇರುವ ಪ್ಲೇಟ್‌ಲೆಟ್‌ಗಳನ್ನೂ ಮಂಕು ಮಾಡುತ್ತವೆ. ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂನಂತೆ, ಆರು ಗಂಟೆಗೊಮ್ಮೆ ಮೀರದಂತೆ ಕೊಡಬಹುದು. ಕೀಮೋ ಶುರುವಾದ ಮೇಲೆ ಪ್ರತಿ ಸಲವೂ ಮೊದಲು ಜ್ವರ ಅಳೆಯಿರಿ, ಜ್ವರವಿದ್ದರೆ ಮಾತ್ರೆಯಲ್ಲಿ ಮುಚ್ಚಿಡದೆ ಆಸ್ಪತ್ರೆಗೆ ತಿಳಿಸಿ. ಮಾಂಸಖಂಡಕ್ಕೆ ಚುಚ್ಚುವ ಇಂಜೆಕ್ಷನ್, ಗುದದಲ್ಲಿ ಥರ್ಮಾಮೀಟರ್, ಎನಿಮಾ ಬೇಡ. ಬ್ರಷ್ ಮೆದುವಾಗಿರಲಿ. ಗೆಡ್ಡೆ ಎಷ್ಟಿದೆಯೆಂದು ಬಂದವರೆಲ್ಲ ಹೊಟ್ಟೆ ಒತ್ತಿ ನೋಡುವುದನ್ನು ಇಂದೇ ನಿಲ್ಲಿಸಿ, ಗೆಡ್ಡೆ ಒಡೆಯಬಹುದು.

ಮೂಗಿನಿಂದ ರಕ್ತ ಬಂದಾಗ ಮಲಗಿಸಬೇಡಿ, ತಲೆ ಹಿಂದಕ್ಕೆ ಬಾಗಿಸಬೇಡಿ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಕೆಳಗಿನ ಮೆದು ಭಾಗವನ್ನು ಎರಡೂ ಕಡೆಯಿಂದ ಗಡಿಯಾರ ನೋಡಿ 10 ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಬಿಟ್ಟು ನೋಡುವುದೇ ಹೆಚ್ಚಿನವರು ಮಾಡುವ ತಪ್ಪು, ಆಗ ಕಟ್ಟುತ್ತಿದ್ದ ಗಡ್ಡೆ ಕಿತ್ತು ಬರುತ್ತದೆ. ನಿಲ್ಲದಿದ್ದರೆ ಇನ್ನೊಂದು 10 ನಿಮಿಷ. ಆಗಲೂ ನಿಲ್ಲದಿದ್ದರೆ ಹೊರಡಿ.

ತಲೆನೋವಿನ ಜೊತೆ ವಾಂತಿ, ತೂಕಡಿಕೆ ಅಥವಾ ಫಿಟ್ಸ್, ಟಾರಿನಂಥ ಕಪ್ಪು ಮಲ, ಬಾಯೊಳಗೆ ರಕ್ತ ತುಂಬಿದ ಗುಳ್ಳೆ, ಇವಕ್ಕೂ ಕಾಯಬಾರದು. ನಿಮ್ಮ ಮಗಳ ವಿಷಯದಲ್ಲಿ ಇನ್ನೊಂದು ಸೇರಿಸಿ: ಹೊಟ್ಟೆ ಇದ್ದಕ್ಕಿದ್ದಂತೆ ಉಬ್ಬಿ, ಮಗು ಬಿಳಿಚಿಕೊಂಡು ನೋವಿನಿಂದ ಅಳತೊಡಗಿದರೆ ಗೆಡ್ಡೆಯೊಳಗೇ ರಕ್ತ ಸೋರುತ್ತಿರಬಹುದು. ಅದು ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕಾದ ಸಂಗತಿ.

ಗೆಡ್ಡೆ ತೆಗೆದು ಚಿಕಿತ್ಸೆ ಮುಗಿದ ಮೇಲೆ ವಾನ್ ವಿಲ್ಲೆಬ್ರಾಂಡ್ ಮಟ್ಟವನ್ನು ಮತ್ತೊಮ್ಮೆ ಅಳೆಸಿ. ಸರಿಯಾಗಿದ್ದರೆ 'ರಕ್ತಸ್ರಾವದ ಕಾಯಿಲೆ' ಎಂಬ ಮಾತನ್ನು ಅವಳ ಕಡತದಿಂದ ತೆಗೆಸಿ, ಇಲ್ಲದಿದ್ದರೆ ಮುಂದೆ ಹಲ್ಲು ಕೀಳಿಸಲು ಹೋದಾಗಲೂ ಅದು ಬೆನ್ನು ಹತ್ತುತ್ತದೆ. ಆಗಲೂ ಕಡಿಮೆಯೇ ಉಳಿದಿದ್ದರೆ ಅದು ಹುಟ್ಟಿನಿಂದಲೇ ಇದ್ದಿರಬೇಕು. ವಂಶದಲ್ಲಿ ಬರುವ ಈ ಕಾಯಿಲೆ ಎಷ್ಟೋ ಮಂದಿಯಲ್ಲಿ ಲಕ್ಷಣವೇ ತೋರದೆ ಸಾಗುವುದರಿಂದ, ಆಗ ನಿಮ್ಮಿಬ್ಬರ ರಕ್ತವನ್ನೂ ಪರೀಕ್ಷಿಸಬೇಕಾಗುತ್ತದೆ.